ಹೊಲಿಗೆ ಯಂತ್ರದ ಡಾಕ್ಟರ್

2014ರ ಮಾರ್ಚ್ 29. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ನಾಮಪತ್ರ ವಾಪಸ್ ಪಡೆಯುವ ಹೊತ್ತು ಮುಗಿದಿತ್ತು. ಪುಣೆ ಲೋಕಸಭಾ ಕ್ಷೇತ್ರದ ಪಕ್ಷೇತರರೆಲ್ಲ ಒಂದು ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದೆವು, ಥೇಟ್ ಓಪಿಡಿ ಹೊರಗೆ ಕಾಯುವ ರೋಗಿಗಳ ಹಾಗೆ. ಇನ್ನು ಗುರುತು ಹಂಚಬೇಕು.

ಅರ್ಜಿಯಲ್ಲಿ ನಾನು ಮೂರು ಗುರುತು ಬರೆದಿದ್ದೆ. ಮೊದಲನೆಯದು ಸ್ಟೆತಸ್ಕೋಪ್. ಡಾಕ್ಟರಿಗೆ ಇನ್ನೇನು ಬೇಕು? ಎರಡನೆಯದು ಟೀವಿ, ಎಲ್ಲರ ಮನೆಯಲ್ಲೂ ಇರುತ್ತೆ ಅಂತ. ಮೂರನೆಯದು ಸುಮ್ನೆ ಜಾಗ ತುಂಬಲು ಬರೆದದ್ದು: ಹೊಲಿಗೆ ಯಂತ್ರ.

ಸ್ಟೆತಸ್ಕೋಪ್ ಒಂದು ಸಣ್ಣ ಪಕ್ಷದ ಅಭ್ಯರ್ಥಿಗೆ ಹೋಯಿತು. ಮಾನ್ಯತೆ ಇಲ್ಲದಿದ್ದರೂ ನೋಂದಣಿಯಾದ ಪಕ್ಷ ಅಂದರೆ ಪಕ್ಷೇತರರಿಗಿಂತ ಮೊದಲ ಹಕ್ಕು, ಅದು ನಿಯಮ. ಟೀವಿಯನ್ನು ನನ್ನ ಜೊತೆ ಇನ್ನೂ ಒಬ್ಬರು ಕೇಳಿದ್ದರು. ಚೀಟಿ ಎತ್ತಿದರು. ನನ್ನದು ಬರಲಿಲ್ಲ. ಹೊಲಿಗೆ ಯಂತ್ರ ಯಾರಿಗೂ ಬೇಕಿರಲಿಲ್ಲ.

ಮನೆಗೆ ಫೋನ್ ಮಾಡಿದೆ. ನಮ್ಮಾಕೆ ನಕ್ಕು ನಕ್ಕು ಸುಸ್ತಾದಳು. "ಒಳ್ಳೇದಾತು ಬಿಡ್ರಿ. ಮೂವತ್ತೈದು ವರ್ಷ ಮಂದೀನ್ನ ಹೊಲದದ್ದ ಅಲ್ಲೇನು ನೀವು?"

ಹೌದು, ನಾನು ಸರ್ಜನ್. ಸೈನ್ಯದ ಸರ್ಜನ್. ಊರು ಗದಗ ಹತ್ತಿರದ ಒಂದು ಹಳ್ಳಿ. 1971ರಲ್ಲಿ, ಹದಿನೇಳನೇ ವಯಸ್ಸಿಗೆ, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿಗೆ, ಅಂದರೆ ಎಲ್ಲರೂ ಎ.ಎಫ್.ಎಂ.ಸಿ. ಅನ್ನುವ ಕಾಲೇಜಿಗೆ ಸೇರಿದೆ. ಆ ಕಾಲೇಜು 1948ರಲ್ಲಿ ಶುರುವಾದದ್ದು ಬಿ.ಸಿ. ರಾಯ್ ಸಮಿತಿಯ ಶಿಫಾರಸಿನಿಂದ. ರಾಯ್ ಅವರೂ ಡಾಕ್ಟರೇ. ಆಮೇಲೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಆದರು. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಫೀಸು ಇಲ್ಲ, ಊಟ ಸಿಗುತ್ತೆ, ಮುಗಿದ ಕೂಡಲೇ ಕೆಲಸ ಇದೆ, ಇಷ್ಟೇ ಗೊತ್ತಿದ್ದದ್ದು. ಸೇರಿದ ಕೆಲವೇ ತಿಂಗಳಿಗೆ ಡಿಸೆಂಬರ್ ಯುದ್ಧ ಬಂತು. ವಾನವಡಿಯ ಕೃತಕ ಅವಯವ ಕೇಂದ್ರದ ಮುಂದೆ ನನ್ನದೇ ವಯಸ್ಸಿನ ಹುಡುಗರು ಊರುಗೋಲು ಹಿಡಿದು ಸಾಲಾಗಿ ನಿಂತಿದ್ದನ್ನು ನೋಡಿದೆ. ಸರ್ಜರಿ ಓದಬೇಕು ಅಂತ ಅಲ್ಲೇ ನಿರ್ಧಾರ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಅವತ್ತು ಹೆದರಿಕೆ ಆಯಿತು, ಅಷ್ಟೇ.

ಸೈನ್ಯದ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಒಂದು ಪಲ್ಟನ್‌ಗೆ ಡಾಕ್ಟರ್. ಎಂ.ಐ. ರೂಮಿನಲ್ಲಿ, ಅಂದರೆ ಪಲ್ಟನ್ನಿನ ದವಾಖಾನೆಯಲ್ಲಿ, ಬೆಳಗಿನ ಸಿಕ್ ರಿಪೋರ್ಟ್: ಹದಿನೈದು ಜವಾನರು ಬಂದರೆ ಇಬ್ಬರಿಗೆ ನಿಜವಾದ ಜ್ವರ, ನಾಲ್ವರಿಗೆ ಕಾಲು ಹೊಪ್ಪಳೆ, ಉಳಿದವರಿಗೆ ಅವತ್ತಿನ ರೂಟ್ ಮಾರ್ಚ್ ಬೇಡ. ಆಮೇಲೆ ಪುಣೆಯಲ್ಲೇ ಎಂ.ಎಸ್. ಮಾಡಿದೆ. ಆಮೇಲೆ ಲೇಹ್, ಅಸ್ಸಾಂ, ಮತ್ತೆ ಪುಣೆ. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ಶ್ರೀನಗರದ 92 ಬೇಸ್ ಆಸ್ಪತ್ರೆಗೆ ಕಳಿಸಿದರು. ದ್ರಾಸ್ ಕಡೆಯಿಂದ ಹೆಲಿಕಾಪ್ಟರ್ ಬಂದು ಇಳಿದ ಕೂಡಲೇ ಸ್ಟ್ರೆಚರ್‌ಗಳು. ಯಾರನ್ನು ಮೊದಲು ಒಳಗೆ ತಗೋಬೇಕು, ಯಾರು ಅರ್ಧ ಗಂಟೆ ಕಾಯಬಹುದು, ಇದನ್ನು ನಿಂತ ಕಾಲಲ್ಲೇ ತೀರ್ಮಾನ ಮಾಡಬೇಕು. ಅತಿ ಜೋರಾಗಿ ಕೂಗುವವನು ಅತಿ ಹೆಚ್ಚು ಗಾಯವಾದವನಲ್ಲ. ಸುಮ್ಮನೆ ಮಲಗಿದವನ ಹತ್ತಿರ ಮೊದಲು ಹೋಗಬೇಕು.

ಯುದ್ಧದ ಗಾಯದ ಬಗ್ಗೆ ಇನ್ನೊಂದು ಮಾತು ಇಲ್ಲಿ ಹೇಳಬೇಕು, ಮುಂದೆ ಬೇಕಾಗುತ್ತದೆ. ಗುಂಡಿನ ಗಾಯವನ್ನು, ಸ್ಪ್ಲಿಂಟರ್ ಹೊಕ್ಕ ಗಾಯವನ್ನು ಅಂದೇ ಹೊಲಿಯುವುದಿಲ್ಲ. ಸತ್ತ ಮಾಂಸ ಕತ್ತರಿಸಿ ತೆಗೆದು, ತೊಳೆದು, ತೆರೆದೇ ಬಿಟ್ಟು ಪಟ್ಟಿ ಕಟ್ಟುತ್ತೇವೆ. ನಾಲ್ಕೈದು ದಿನ ಆದ ಮೇಲೆ, ಕೀವು ಇಲ್ಲ ಅಂತ ನೋಡಿಕೊಂಡು ಹೊಲಿಗೆ. ಹೊಸ ಹುಡುಗರಿಗೆ ಕೈ ತುರಿಸುತ್ತೆ, ತೆರೆದ ಗಾಯ ನೋಡಿದರೆ ಮುಚ್ಚಬೇಕು ಅನಿಸುತ್ತೆ. ಹಾಗೆ ಅವಸರದಲ್ಲಿ ಮುಚ್ಚಿದ ಗಾಯವೇ ಆಮೇಲೆ ಕಾಲು ತೆಗೆಯುವ ಹಾಗೆ ಮಾಡುತ್ತೆ.

2012ರಲ್ಲಿ ಕರ್ನಲ್ ಆಗಿ ನಿವೃತ್ತನಾದೆ. ಪುಣೆಯಲ್ಲೇ ಉಳಿದೆವು. ಮಕ್ಕಳು ಹೊರದೇಶದಲ್ಲಿ, ಊರಿನ ಮನೆಯಲ್ಲಿ ತಮ್ಮ. ಇಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಧಾರವಾಡ, ಬೆಳಗಾವಿ ಕಡೆಯವರಿಗೆ ಪುಣೆ ಯಾವತ್ತೂ ಪರ ಊರು ಅಲ್ಲ. 1956ರ ತನಕ ನಾವೆಲ್ಲ ಒಂದೇ ರಾಜ್ಯದಲ್ಲಿ ಇದ್ದವರು ತಾನೇ.

ಹಾಗಾದರೆ ಚುನಾವಣೆ ಯಾಕೆ? ಎರಡು ಕಾರಣ. ಮೊದಲನೆಯದು ಖಡಕಿಯ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲದ ಮಾಜಿ ಸೈನಿಕರು ಅಲ್ಲಿದ್ದಾರೆ. ನಿವೃತ್ತಿ ಆದ ಮೇಲೆ ವಾರಕ್ಕೆ ಒಂದು ದಿನ ಹೋಗುತ್ತಿದ್ದೆ, ಹಾಸಿಗೆ ಹುಣ್ಣು ನೋಡಲು. ಗೋಕಾಕ ಕಡೆಯ ಒಬ್ಬರು ಇದ್ದರು, ಸೈನ್ಯದಲ್ಲಿ ನಾಯಕ್ ಶ್ರೇಣಿಯವರು. ವೀಲ್‌ಚೇರ್‌ನಲ್ಲಿ ಕೂತು ಬಾಯಲ್ಲಿ ಕುಂಚ ಹಿಡಿದು ಚಿತ್ರ ಬಿಡಿಸುವವರು ಆ ಕೇಂದ್ರದಲ್ಲಿ ಇದ್ದಾರೆ, ಇವರಿಗೆ ಮಾತ್ರ ಚಿತ್ರ ಬೇಡ, ಪೇಪರ್ ಬೇಕು. ದಿನಾ ಪೇಪರ್ ಓದಿ ನನಗೆ ಪ್ರಶ್ನೆ ಕೇಳುತ್ತಿದ್ದರು. "ಸಾಹೇಬ್ರ, ನಮ್ಮ ಮಾತು ಆಡಾಕ ಅಲ್ಲಿ ದಿಲ್ಲ್ಯಾಗ ಯಾರ ಅದಾರ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯದು 'ಒಂದು ಶ್ರೇಣಿ ಒಂದು ಪಿಂಚಣಿ'. ಒಂದೇ ರ‍್ಯಾಂಕ್, ಒಂದೇ ಅವಧಿಯ ಸೇವೆ, ಆದರೆ ಮೊದಲು ನಿವೃತ್ತನಾದವನಿಗೆ ಕಡಿಮೆ ಪಿಂಚಣಿ. ರಾಜ್ಯಸಭೆಯ ಅರ್ಜಿಗಳ ಸಮಿತಿ, ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯಲ್ಲಿ, 2011ರ ಡಿಸೆಂಬರ್‌ನಲ್ಲೇ ಈ ಬೇಡಿಕೆ ಸರಿ ಅಂತ ವರದಿ ಕೊಟ್ಟಿತ್ತು. 2014ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ 500 ಕೋಟಿ ಇಟ್ಟರು. ಆದೇಶ ಮಾತ್ರ ಬಂದಿರಲಿಲ್ಲ. ಅದು ಬಂದದ್ದು 2015ರ ನವೆಂಬರ್‌ನಲ್ಲಿ. ನಮ್ಮ ಮಾಜಿ ಸೈನಿಕರ ಗುಂಪಿನಲ್ಲಿ ಚಹಾ ಕುಡಿಯುವಾಗಲೆಲ್ಲ ಇದೇ ಮಾತು. ಒಂದು ಸಂಜೆ ಯಾರೋ, "ಡಾಕ್ಟರ್ ಸಾಬ್, ನೀವು ನಿಂತುಬಿಡಿ" ಅಂದರು. ನನಗೆ ಅವತ್ತು ಬೇರೆ ಕೆಲಸ ಇದ್ದಿದ್ದರೆ ಚೆನ್ನಾಗಿತ್ತು.

"ಈ ವಯಸ್ಸಿನಾಗ ಇದೇನ್ ಹುಚ್ಚುರೀ" ಅಂದಳು ನಮ್ಮಾಕೆ. ಆದರೆ ಠೇವಣಿಯ 25,000 ರೂಪಾಯಿ ಎಣಿಸಿ ಕೊಟ್ಟವಳೂ ಅವಳೇ.

ಪಕ್ಷದ ಟಿಕೆಟ್ ಇಲ್ಲದೆ ಲೋಕಸಭೆಗೆ ನಿಲ್ಲುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಸೇವೆಯಲ್ಲಿ ಇರುವ ಸೈನಿಕ ನಿಲ್ಲುವ ಹಾಗಿಲ್ಲ, ನಿವೃತ್ತನಾದ ಮೇಲೆ ತೊಂದರೆ ಇಲ್ಲ, ಪಿಂಚಣಿ ಅಡ್ಡ ಬರುವುದಿಲ್ಲ. ದೇಶದ ಯಾವ ಕ್ಷೇತ್ರದಲ್ಲಿ ಮತದಾರನಾಗಿದ್ದರೂ ಸಾಕು. ಮಾನ್ಯತೆ ಇರುವ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು, ಆ ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಇಲ್ಲೇ ನಾನು ಎಡವಿದ್ದು. ಪುಣೆ ಅನ್ನುವ ಊರು ಬೇರೆ, ಪುಣೆ ಲೋಕಸಭಾ ಕ್ಷೇತ್ರ ಬೇರೆ. ಶಿವಾಜಿನಗರ, ಕೋಥರೂಡ್, ಪರ್ವತಿ, ಕಸ್ಬಾ ಪೇಠ್, ಪುಣೆ ಕಂಟೋನ್ಮೆಂಟ್, ವಡಗಾಂವ್ ಶೇರಿ, ಈ ಆರು ಮಾತ್ರ ಒಳಗೆ. ಹಡಪ್ಸರ್ ಶಿರೂರಿಗೆ ಸೇರುತ್ತದೆ, ಖಡಕ್‌ವಾಸ್ಲಾ ಬಾರಾಮತಿಗೆ. ನನ್ನ ಹತ್ತು ಸೂಚಕರಲ್ಲಿ ಒಬ್ಬ ಸುಬೇದಾರರ ಮನೆ ಹಡಪ್ಸರ್ ಪಟ್ಟಿಯಲ್ಲಿ ಇತ್ತು! ಪುಣ್ಯಕ್ಕೆ ನಮ್ಮ ವಕೀಲರು ಎರಡು ಸೆಟ್ ನಾಮಪತ್ರ ಹಾಕಿಸಿದ್ದರು, ಎರಡನೆಯದರಲ್ಲಿ ಬೇರೆ ಹತ್ತು ಜನ. ನಾಲ್ಕು ಸೆಟ್ ತನಕ ಹಾಕಬಹುದು, ಠೇವಣಿ ಮಾತ್ರ ಒಂದೇ ಸಲ. ಯಾರಾದರೂ ನಿಲ್ಲುವವರಿದ್ದರೆ ದಯವಿಟ್ಟು ಒಂದೇ ಸೆಟ್ ನಂಬಿ ಹೋಗಬೇಡಿ.

ಫಾರಂ 26 ಅಂತ ಒಂದು ಪ್ರಮಾಣಪತ್ರ ಇದೆ. ಆಸ್ತಿ, ಸಾಲ, ಕೇಸು, ಓದು, ಎಲ್ಲ ಬರೆಯಬೇಕು. ನನ್ನದು ಮಾತ್ರ ಅಲ್ಲ, ಹೆಂಡತಿಯದೂ. ಅವಳ ಬಳೆ, ಸರ, ತವರಿನ ಬೋರಮಾಳ ಎಲ್ಲ ತೂಕ ಹಾಕಿಸಿ ಬರೆದೆವು. ಇಷ್ಟು ವರ್ಷದ ಸಂಸಾರದಲ್ಲಿ ಮನೆಯಲ್ಲಿ ಎಷ್ಟು ಚಿನ್ನ ಇದೆ ಅಂತ ನನಗೆ ಗೊತ್ತಾದದ್ದು ಚುನಾವಣಾ ಆಯೋಗದ ದಯೆಯಿಂದ. ಯಾವ ಕಲಮನ್ನೂ ಖಾಲಿ ಬಿಡಬಾರದು. ಏನೂ ಇಲ್ಲದಿದ್ದರೆ 'ಇಲ್ಲ' ಅಂತಲೋ 'ಅನ್ವಯಿಸುವುದಿಲ್ಲ' ಅಂತಲೋ ಬರೆಯಲೇಬೇಕು. ಖಾಲಿ ಬಿಟ್ಟರೆ ನಾಮಪತ್ರ ತಿರಸ್ಕರಿಸಬಹುದು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸೈನ್ಯದಲ್ಲಿ ಫಾರಂ ತುಂಬಿ ತುಂಬಿ ಕೈ ಪಳಗಿತ್ತು, ಇದೊಂದು ಕೆಲಸ ಮಾತ್ರ ನಾನು ತಪ್ಪಿಲ್ಲದೆ ಮಾಡಿದೆ.

ಕರಪತ್ರಕ್ಕೆ ಯಾವ ಫೋಟೋ? ಹುಡುಗರೆಲ್ಲ ಯೂನಿಫಾರ್ಮ್, ಮೆಡಲ್ ಇರುವ ಫೋಟೋ ಬೇಕು ಅಂದರು. ಪ್ರಚಾರದಲ್ಲಿ ಸೈನಿಕರ ಫೋಟೋ ಬಳಸಬೇಡಿ ಅಂತ ಆಯೋಗ 2013ರ ಡಿಸೆಂಬರ್‌ನಲ್ಲೇ ಪಕ್ಷಗಳಿಗೆ ತಿಳಿಸಿತ್ತು. ಆ ಸೂಚನೆ ಇಲ್ಲದಿದ್ದರೂ ನಾನು ಹಾಕುತ್ತಿರಲಿಲ್ಲ. ಯೂನಿಫಾರ್ಮ್ ನನ್ನದಲ್ಲ, ಸೈನ್ಯದ್ದು. ಹಾಗಂತ ಹೆಸರಿನ ಹಿಂದೆ ಕರ್ನಲ್, ಮುಂದೆ ನಿವೃತ್ತ ಅಂತ ಹಾಕಿಕೊಂಡೆ, ಅದನ್ನು ಬಿಡಲು ಮನಸ್ಸು ಬರಲಿಲ್ಲ. ಅದರಿಂದ ಏನೂ ಉಪಯೋಗ ಆಗಲಿಲ್ಲ ಅನ್ನಿ. ಪರ್ವತಿ ಬೆಟ್ಟದ ಕೆಳಗಿನ ವಸಾಹತಿನಲ್ಲಿ ಒಬ್ಬ ಅಜ್ಜಿ ನನ್ನ ಜೊತೆಗಿದ್ದ ಹುಡುಗನನ್ನು ಮರಾಠಿಯಲ್ಲಿ ಕೇಳಿದಳು: ಕರ್ನಲ್ ಅಂದರೆ ಪೊಲೀಸಾ?

ಪ್ರಚಾರಕ್ಕೆ ಸಿಕ್ಕಿದ್ದು ಹದಿನೇಳು ದಿನ. ಮತದಾರರು 18 ಲಕ್ಷಕ್ಕೂ ಜಾಸ್ತಿ. ದಿನಕ್ಕೆ ನೂರು ಜನರ ಕೈ ಕುಲುಕಿದರೆ ಎಲ್ಲರನ್ನೂ ಮುಗಿಸಲು ಐವತ್ತು ವರ್ಷ ಬೇಕು. ಆ ಲೆಕ್ಕವನ್ನು ನಾನು ಮೊದಲ ದಿನ ಹಾಕಲಿಲ್ಲ, ಹತ್ತನೇ ದಿನ ಹಾಕಿದೆ. ಅಷ್ಟರಲ್ಲಿ ನಮ್ಮ ಹುಡುಗರು ಉತ್ಸಾಹದಿಂದ ಎರಡು ಸಾವಿರ ಕರಪತ್ರ ಹಂಚಿ ಬಂದಿದ್ದರು. ಎಲ್ಲಿ? ಹಡಪ್ಸರ್‌ನಲ್ಲಿ.

ಇನ್ನೊಂದು ಪೇಚು ನನ್ನ ವೃತ್ತಿಯಿಂದಲೇ ಬಂತು. ಬೆಳಗ್ಗೆ ವಾಕಿಂಗ್ ಬರುವವರ ಮುಂದೆ ಆರೋಗ್ಯ ಬಜೆಟ್ ಬಗ್ಗೆ ಭಾಷಣ ಮಾಡುತ್ತಿದ್ದೆ. ಜನ ಶಾಂತವಾಗಿ ಕೇಳುತ್ತಿದ್ದರು. ಮುಗಿದ ಕೂಡಲೇ ಸಾಲು. ನನಗೋ ಖುಷಿ, ಬೆಂಬಲ ಕೊಡಲು ಬಂದರು ಅಂತ. ಮೊದಲನೆಯವರು ಜೇಬಿನಿಂದ ಸಕ್ಕರೆ ಕಾಯಿಲೆಯ ರಿಪೋರ್ಟ್ ತೆಗೆದರು. ಎರಡನೆಯವರು ಮಂಡಿ ಮಡಚಿ ತೋರಿಸಿದರು. ಮಾರನೇ ದಿನ ನಾನು ಬಿ.ಪಿ. ಯಂತ್ರ ತಗೊಂಡು ಹೋಗಲು ಹೊರಟಾಗ ವಕೀಲರು ಬಾಗಿಲಲ್ಲೇ ತಡೆದರು. "ಕರ್ನಲ್ ಸಾಹೇಬ್, ಪ್ರಚಾರದ ಹೊತ್ತಿನಲ್ಲಿ ಪುಕ್ಕಟೆ ತಪಾಸಣೆ ಮಾಡಿದರೆ ಆಮಿಷ ಅಂತ ಯಾರಾದರೂ ದೂರು ಕೊಡುತ್ತಾರೆ." ಹೀಗೆ ಗುರುತಿನಲ್ಲಿ ಕಳಕೊಂಡ ಸ್ಟೆತಸ್ಕೋಪನ್ನು ಕೊರಳಿಂದಲೂ ತೆಗೆದು ಮನೆಯಲ್ಲಿ ಇಟ್ಟೆ. ಡಾಕ್ಟರ್ ಅಂತ ಹೇಳಿಕೊಳ್ಳಬಹುದು, ಡಾಕ್ಟರ್ ಕೆಲಸ ಮಾಡುವ ಹಾಗಿಲ್ಲ.

ಖರ್ಚಿನ ಲೆಕ್ಕ ಇನ್ನೊಂದು ಪುರಾಣ. ಆಗ ಮಿತಿ 70 ಲಕ್ಷ ಇತ್ತು. ಆ ವರ್ಷವೇ 40ರಿಂದ ಏರಿಸಿದ್ದರು. ನನ್ನ ಒಟ್ಟು ಖರ್ಚು ನಾಲ್ಕು ಲಕ್ಷದ ಚಿಲ್ಲರೆ. ಆದರೂ ಲೆಕ್ಕ ಇಡಲೇಬೇಕು. ಚುನಾವಣೆಗೇ ಅಂತ ಬೇರೆ ಬ್ಯಾಂಕ್ ಖಾತೆ, ದಿನದ ರಿಜಿಸ್ಟರ್, ರಸೀದಿ. ನಾವು ಬರೆಯುವ ರಿಜಿಸ್ಟರ್ ಒಂದು ಕಡೆ, ನಮ್ಮ ಬಗ್ಗೆ ಚುನಾವಣಾ ಸಿಬ್ಬಂದಿ ಬರೆಯುವ ನೆರಳು ರಿಜಿಸ್ಟರ್ ಇನ್ನೊಂದು ಕಡೆ. ಎರಡೂ ತಾಳೆ ಆಗಬೇಕು. ಒಂದು ಕಪ್ ಚಹಾಕ್ಕೆ ಇಷ್ಟು, ಒಂದು ಕುರ್ಚಿ ಬಾಡಿಗೆಗೆ ಇಷ್ಟು ಅಂತ ದರಪಟ್ಟಿ ಇರುತ್ತೆ. ನಮ್ಮ ಉಡುಪಿ ಕಡೆಯ ಒಬ್ಬ ಹೋಟೆಲ್ ಮಾಲೀಕರು ಪ್ರೀತಿಯಿಂದ ಅರವತ್ತು ಜನಕ್ಕೆ ಉಪ್ಪಿಟ್ಟು, ಕಾಫಿ ಕೊಟ್ಟರು. "ದುಡ್ಡು ಬೇಡ ಮಾರಾಯ್ರೆ, ನಮ್ಮ ಭಾಷೆಯವರು ನಿಂತದ್ದು" ಅಂದರು. ಪುಕ್ಕಟೆ ತಿಂದರೂ ಖರ್ಚು ಖರ್ಚೇ, ಅದರ ಬೆಲೆಯನ್ನು ನನ್ನ ಲೆಕ್ಕಕ್ಕೆ ಹಾಕಬೇಕು. ತಪಾಸಣೆಯ ದಿನ ನನ್ನ ರಿಜಿಸ್ಟರ್‌ನಲ್ಲಿ ಅರವತ್ತು ಪ್ಲೇಟ್, ಅವರ ವಿಡಿಯೋದಲ್ಲಿ ಎಪ್ಪತ್ತೊಂದು. ಎರಡು ಸಲ ಹಾಕಿಸಿಕೊಂಡ ಹನ್ನೊಂದು ಜನರಿಗೆ ನಾನು ಜವಾಬ್ದಾರನಾದೆ.

ಕನ್ನಡಿಗರ ಮತ ನನ್ನ ಕೈಯಲ್ಲಿದೆ ಅಂತ ನಂಬಿದ್ದೆ. ನಂಬಿಕೆಗೆ ಕಾರಣವೂ ಇತ್ತು. ಡಾ. ಕಲ್ಮಾಡಿ ಶಾಮರಾವ್ ಹೆಸರಿನ ಕನ್ನಡ ಶಾಲೆ ಈ ಊರಿನಲ್ಲಿದೆ. ಅವರು ಡಾಕ್ಟರ್. ಮಗ ಸುರೇಶ್ ಕಲ್ಮಾಡಿ ವಾಯುಪಡೆಯ ಪೈಲಟ್ ಆಗಿದ್ದವರು, ಆಮೇಲೆ 1996, 2004, 2009ರಲ್ಲಿ ಇದೇ ಪುಣೆಯಿಂದ ಲೋಕಸಭೆಗೆ ಗೆದ್ದರು. ಅಪ್ಪನ ವೃತ್ತಿ, ಮಗನ ಯೂನಿಫಾರ್ಮ್, ಎರಡೂ ನನ್ನೊಬ್ಬನಲ್ಲೇ ಇದೆಯಲ್ಲ, ಮತ್ತೇನು ಬೇಕು ಅಂದುಕೊಂಡೆ. ಪೈಲಟ್ ಕೆಲಸ ಬಿಟ್ಟು ಅವರು ಎಷ್ಟು ವರ್ಷ ಪಕ್ಷದಲ್ಲಿ ಬೆವರು ಸುರಿಸಿದರು ಅನ್ನುವುದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ಯೆರವಡಾದ ಕಡೆ ಕಟ್ಟಡ ಕೆಲಸದವರು ಬಹಳ ಜನ, ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯವರು. ಸಂಜೆ ಅಲ್ಲಿಗೆ ಹೋದರೆ ಹಬ್ಬ. ಕನ್ನಡದಲ್ಲಿ ಮಾತಾಡಿದ ಕೂಡಲೇ ಚಾಪೆ ಹಾಸುತ್ತಿದ್ದರು, ಖಾರಬ್ಯಾಳಿ ರೊಟ್ಟಿ ಬಡಿಸುತ್ತಿದ್ದರು. ಅದನ್ನೂ ರಿಜಿಸ್ಟರ್‌ನಲ್ಲಿ ಬರೆಯಬೇಕಾ ಅಂತ ವಕೀಲರನ್ನು ಕೇಳಿದ್ದೆ, ಅವರು ಉತ್ತರ ಕೊಡಲಿಲ್ಲ. ಒಬ್ಬ ಗೌಂಡಿ ಹೇಳಿದ: "ನಿಮಗ ಹಾಕಬೇಕಂತ ಐತ್ರಿ ಸರ. ಆದ್ರ ನಮ್ಮ ಓಟು ಊರಾಗ ಐತಿ." ಮತದಾನ ಏಪ್ರಿಲ್ 17ಕ್ಕೆ. ಅದೇ ದಿನ ಕರ್ನಾಟಕದ 28 ಕ್ಷೇತ್ರಗಳಲ್ಲೂ ಮತದಾನ. ಹದಿನಾರನೇ ತಾರೀಕು ಸಂಜೆ ನನ್ನ ಬೆಂಬಲಿಗರು ಗಂಟುಮೂಟೆ ಕಟ್ಟಿಕೊಂಡು, ನನಗೆ ಕೈಬೀಸಿ, ಊರಿನ ಬಸ್ಸು ಹತ್ತಿದರು.

ಇನ್ನು ಮಾಜಿ ಸೈನಿಕರು. ಇವರ ಬಗ್ಗೆ ಬರೆಯುವಾಗ ಸ್ವಲ್ಪ ನೋವಾಗುತ್ತದೆ, ಆದರೆ ಸಿಟ್ಟಿಲ್ಲ. ಸಭೆಗೆ ಬರುತ್ತಿದ್ದರು. ಎದ್ದು ನಿಂತು 'ಜೈ ಹಿಂದ್ ಸರ್' ಅನ್ನುತ್ತಿದ್ದರು. ನನ್ನ ಕೈಯಿಂದ ಅಪೆಂಡಿಕ್ಸ್ ತೆಗೆಸಿಕೊಂಡ ಒಬ್ಬ ಹವಾಲ್ದಾರ್, ಹೊಟ್ಟೆಯ ಗೆರೆ ತೋರಿಸಿ ಎಲ್ಲರ ಮುಂದೆ ನನ್ನನ್ನು ಹೊಗಳಿದ. ಹೊರಗೆ ಬಂದ ಮೇಲೆ ಮೆಲ್ಲಗೆ, "ಸರ್, ಸಲ್ಯೂಟ್ ನಿಮಗೆ, ಈ ಸಲದ ಓಟು ದಿಲ್ಲಿ ಸರ್ಕಾರಕ್ಕೆ" ಅಂದ. ನನಗೆ ಥಟ್ಟನೆ ಅರ್ಥವಾಯಿತು. ಅವನ ಲೆಕ್ಕ ಸರಿ ಇತ್ತು. ಮರ್ಯಾದೆಯ ಖಾತೆ ಬೇರೆ, ಮತದ ಖಾತೆ ಬೇರೆ. ಒಂದರಿಂದ ಇನ್ನೊಂದಕ್ಕೆ ದುಡ್ಡು ವರ್ಗ ಆಗುವುದಿಲ್ಲ. ಮೂವತ್ತೈದು ವರ್ಷ ನಾನು ಮೊದಲನೆಯದರಲ್ಲಿ ಮಾತ್ರ ಜಮಾ ಮಾಡಿದ್ದೆ.

ಇದು ನನಗೊಬ್ಬನಿಗೆ ಆದದ್ದಲ್ಲ ಅಂತ ಆಮೇಲೆ ಓದಿ ತಿಳಿದೆ. ನಮ್ಮ ಕೊಡಗಿನ ಕಾರ್ಯಪ್ಪನವರು, ಸೈನ್ಯದ ಮೊದಲ ಭಾರತೀಯ ದಂಡನಾಯಕರು, 1971ರಲ್ಲಿ ಮುಂಬೈ ಈಶಾನ್ಯ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತಿದ್ದರು. ಕಾರ್ಯಪ್ಪನವರನ್ನೇ ಮುಂಬೈ ಸೋಲಿಸಿತು ಅಂದ ಮೇಲೆ ಈ ಗದಗಿನ ಕರ್ನಲ್ ಯಾವ ಲೆಕ್ಕ? ನಾನು ಆ ವರ್ಷವೇ ಪುಣೆಗೆ ಬಂದವನು. ಆ ಸುದ್ದಿ ಕಿವಿಗೆ ಬಿದ್ದಿರಲೇಬೇಕು. ಹದಿನೇಳು ವರ್ಷದ ಹುಡುಗನ ತಲೆಯಲ್ಲಿ ಅದೆಲ್ಲ ನಿಲ್ಲುತ್ತಾ?

ಮತದಾನದ ದಿನ ಸುಮಾರು ಎರಡು ಸಾವಿರ ಮತಗಟ್ಟೆ, ನನ್ನ ಏಜೆಂಟರು ನಲವತ್ತು. ಮತಯಂತ್ರದ ಒಂದು ಘಟಕದಲ್ಲಿ 16 ಗುಂಡಿ ಇರುತ್ತವೆ. ಅಭ್ಯರ್ಥಿಗಳು ಜಾಸ್ತಿ ಇದ್ದದ್ದರಿಂದ ಎರಡು ಘಟಕ ಜೋಡಿಸಿದ್ದರು. ದೊಡ್ಡ ಪಕ್ಷಗಳ ಹೆಸರು ಮೊದಲು, ಸಣ್ಣ ಪಕ್ಷಗಳು ಆಮೇಲೆ, ಪಕ್ಷೇತರರು ಕೊನೆಗೆ. ನಾನು ಎರಡನೇ ಘಟಕದಲ್ಲಿ. ಅಲ್ಲಿ ತನಕ ಕಣ್ಣು ಹಾಯಿಸುವವರು ಯಾರು? ಆ ದಿನ ಪುಣೆಯಲ್ಲಿ ಸಾವಿರಾರು ಜನರ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ, ದೊಡ್ಡ ಗಲಾಟೆ ಆಯಿತು. ನಮ್ಮ ಕಟ್ಟಡದ ಮೇಲಿನ ಮಹಡಿಯ ಬ್ರಿಗೇಡಿಯರ್ ದಂಪತಿಯಲ್ಲಿ ಗಂಡನ ಹೆಸರಿತ್ತು, ಹೆಂಡತಿಯದು ಇಲ್ಲ. ಆಕೆ ಮಾತ್ರ ನನಗೆ ಖಂಡಿತ ಹಾಕುತ್ತಿದ್ದರು, ಗಂಡನ ಬಗ್ಗೆ ನನಗೆ ಇವತ್ತಿಗೂ ಅನುಮಾನ.

ಮೇ 16, ಎಣಿಕೆ. ಒಂದೊಂದು ವಿಧಾನಸಭಾ ಭಾಗಕ್ಕೆ 14 ಮೇಜು, ಆರು ಭಾಗಕ್ಕೆ 84 ಮೇಜು. ಮೇಜಿಗೊಬ್ಬರಂತೆ ಏಜೆಂಟ್ ಇಡಬಹುದು. ನಮ್ಮವರು ಮೂರು ಜನ, ಅದರಲ್ಲಿ ಒಬ್ಬರು ನಮ್ಮಾಕೆ. ಹತ್ತು ಗಂಟೆಗೆಲ್ಲ ಅವಳು ಡಬ್ಬಿ ತೆಗೆದು ಚಪಾತಿ ತಿನ್ನತೊಡಗಿದಳು. ಗೆದ್ದ ಅನಿಲ್ ಶಿರೋಳೆಯವರ ಅಂತರವೇ ಮೂರು ಲಕ್ಷ ದಾಟಿತು. ನನಗೆ ಬಂದದ್ದು ನಾಲ್ಕಂಕಿಯೊಳಗೆ ಕೂರುವ ಒಂದು ಸಂಖ್ಯೆ. 'ಮೇಲಿನ ಯಾರೂ ಅಲ್ಲ' ಅನ್ನುವ ಗುಂಡಿ ಲೋಕಸಭೆಗೆ ಅದೇ ಮೊದಲ ಸಲ ಬಂದಿತ್ತು. ಅದಕ್ಕೆ ನನಗಿಂತ ಜಾಸ್ತಿ ಮತ ಬಿತ್ತು. ಚಲಾವಣೆಯಾದ ಸಿಂಧು ಮತದಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ಹೋಗುತ್ತೆ. ಹೋಯಿತು.

ಸೋತವರು ಮರೆಯುವ ಒಂದು ಕೆಲಸ ಇದೆ: ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಪೂರ್ತಿ ಲೆಕ್ಕ ಒಪ್ಪಿಸಬೇಕು. ಗೆದ್ದವರಿಗೂ ಸೋತವರಿಗೂ ಒಂದೇ ನಿಯಮ. ಒಪ್ಪಿಸದಿದ್ದರೆ ಮೂರು ವರ್ಷ ಚುನಾವಣೆಗೆ ನಿಲ್ಲುವ ಹಾಗಿಲ್ಲ. ನನಗೆ ಮತ್ತೆ ನಿಲ್ಲುವ ಆಸೆ ಇರಲಿಲ್ಲ, ಆದರೂ ಹನ್ನೆರಡನೇ ದಿನವೇ ಕೊಟ್ಟು ಬಂದೆ. ಎಪ್ಪತ್ತೊಂದು ಪ್ಲೇಟ್ ಉಪ್ಪಿಟ್ಟು ಸೇರಿ.

ಖಡಕಿಗೆ ಹೋಗಲು ಒಂದು ತಿಂಗಳು ನಾಚಿಕೆ ಆಯಿತು. ಹೋದಾಗ ಆ ಗೋಕಾಕದ ನಾಯಕ್ ನಕ್ಕರು. "ಗಾಯ ಅವತ್ತ ಹೊಲದ್ರಿ ಸಾಹೇಬ್ರ ನೀವು" ಅಂದರು. ಹಾಸಿಗೆ ಹುಣ್ಣು ತೊಳೆಯುವಾಗ ನಾನೇ ಅವರಿಗೆ ಹೇಳಿದ್ದ ಪಾಠ! ಅದನ್ನು ನನಗೇ ತಿರುಗಿ ಹೇಳಿದರು. ಹದಿನೇಳು ದಿನದಲ್ಲಿ ಎಂ.ಪಿ. ಆಗಲು ಹೊರಟವನಿಗೆ ಇನ್ನೇನು ಹೇಳಬೇಕು.

ಆಮೇಲೆ ನಿಧಾನವಾಗಿ ಕಲಿತೆ, ಒಬ್ಬ ಎಂ.ಪಿ. ಅಲ್ಲಿ ಕೂತು ನಿಜವಾಗಿ ಏನು ಮಾಡಬಹುದು ಅಂತ. ನಿಲ್ಲುವ ಮೊದಲೇ ಕಲಿಯಬೇಕಿತ್ತು, ಬಿಡಿ. ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಗೆ ಬಾಯಿಮಾತಿನ ಉತ್ತರ, 230 ಪ್ರಶ್ನೆಗೆ ಬರಹದ ಉತ್ತರ. ಕನಿಷ್ಠ ಹದಿನೈದು ದಿನ ಮೊದಲು ಬರೆದು ಕೊಡಬೇಕು. ಪ್ರಶ್ನೆ ಸುಮಾರು 150 ಪದದ ಒಳಗೆ ಇರಬೇಕು, ಅದರಲ್ಲಿ ಅಭಿಪ್ರಾಯ, ವಾದ, ಬೈಗುಳ ಇರಬಾರದು. ಒಳ್ಳೆಯ ಪ್ರಶ್ನೆ ಬರೆದು ಕೊಡುವವರು ಸಿಕ್ಕರೆ ಬೇಡ ಅನ್ನುವ ಎಂ.ಪಿ.ಗಳು ಕಡಿಮೆ. ಪರಿಚಯದವರ ಮೂಲಕ ಒಬ್ಬರ ಕಚೇರಿಗೆ ದಾರಿ ಸಿಕ್ಕಿತು. ಬೆನ್ನುಹುರಿ ಪೆಟ್ಟಿನ ಮಾಜಿ ಸೈನಿಕರ ಬಗ್ಗೆ ನನ್ನ ಮೊದಲ ಕರಡು ಎರಡು ಪುಟ ಇತ್ತು, ಪೂರ್ತಿ ಭಾಷಣ. ಅಲ್ಲಿನ ಸಹಾಯಕ ಹುಡುಗಿ ಓದಿ, "ಅಂಕಲ್, ಇದರಲ್ಲಿ ಪ್ರಶ್ನೆ ಎಲ್ಲಿದೆ?" ಅಂದಳು. ಕತ್ತರಿಸಿದೆ. ಸತ್ತ ಮಾಂಸ ಎಲ್ಲ ತೆಗೆದ ಮೇಲೆ ಉಳಿದದ್ದು ನಾಲ್ಕು ಸಾಲು: ಎಷ್ಟು ಜನ, ಎಲ್ಲಿ, ಯಾವ ಸೌಲಭ್ಯ, ಯಾವಾಗ. ಮೂರನೇ ಅಧಿವೇಶನದಲ್ಲಿ ಅದಕ್ಕೆ ಬರಹದ ಉತ್ತರ ಬಂತು. ಮುದ್ರಿಸಿ ಖಡಕಿಗೆ ತಗೊಂಡು ಹೋದೆ. ನಾಯಕ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಅಂಕಿಯಲ್ಲಿ ಒಂದು ತಪ್ಪು ಹುಡುಕಿ ಕೊಟ್ಟರು. ಅದು ಮುಂದಿನ ಪ್ರಶ್ನೆ ಆಯಿತು. ಇಂಥವು ಈಗ ಒಂದು ಫೈಲ್ ತುಂಬ ಇವೆ. ಯಾವುದರ ಮೇಲೂ ನನ್ನ ಹೆಸರಿಲ್ಲ.

ಡಾಕ್ಟರ್, ಸೈನಿಕ, ಸಂಸದ ಮೂರೂ ಆದವರು ನಮ್ಮಲ್ಲಿ ಇದ್ದಾರೆ. ನನಗೆ ಬಹಳ ಇಷ್ಟ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್. 1938ರಲ್ಲಿ ಮದ್ರಾಸಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದರು, ಸಿಂಗಾಪುರದಲ್ಲಿ ಡಾಕ್ಟರಾಗಿದ್ದರು, 1943ರಲ್ಲಿ ನೇತಾಜಿಯವರ ಆಜಾದ್ ಹಿಂದ್ ಫೌಜಿನ ಝಾನ್ಸಿ ರಾಣಿ ರೆಜಿಮೆಂಟ್ ಕಟ್ಟಿದರು. ರಾಜ್ಯಸಭೆಗೆ ಹೋದದ್ದು 1971ರಲ್ಲಿ, ಕಾರ್ಯಪ್ಪನವರು ಸೋತ ವರ್ಷವೇ. 2002ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತು ಅಬ್ದುಲ್ ಕಲಾಂ ಎದುರು ಸೋತರು. ಆಗ ಅವರಿಗೆ 87 ವರ್ಷ. ಸೋತು ಎಲ್ಲಿಗೆ ಹೋದರು? ಕಾನ್ಪುರದ ತಮ್ಮ ಕ್ಲಿನಿಕ್‌ಗೆ. ನಮ್ಮ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಕೂಡ ಹೀಗೆ. ಸೈನಿಕರಲ್ಲ, ಆದರೆ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ಹುಡುಗರಿಗೆ ಕವಾಯತು ಕಲಿಸಿದ ಡಾಕ್ಟರ್. 1952ರಲ್ಲಿ ರಾಜ್ಯಸಭೆ ಸೇರಿದರು. ಇವರಿಬ್ಬರೂ ಮೇಲ್ಮನೆಗೆ ಹೋದವರು ಅನ್ನುವುದನ್ನು ಗಮನಿಸಿ. ಜನರ ಮುಂದೆ ಕೈಮುಗಿದು ಓಟು ಕೇಳುವ ಆಟ ಬೇರೆ, ಅದಕ್ಕೆ ಬೇರೆಯೇ ಮೈಕಟ್ಟು ಬೇಕು.

ನಾನೂ ಕ್ಲಿನಿಕ್‌ಗೆ ವಾಪಸ್ ಬಂದೆ. ಯೆರವಡಾದಲ್ಲಿ ಒಂದು ಸಣ್ಣ ಕೋಣೆ, ವಾರಕ್ಕೆ ಮೂರು ಸಂಜೆ. ಆ ಕಟ್ಟಡ ಕೆಲಸದವರು ಬರುತ್ತಾರೆ. ಈಗ ಸ್ಟೆತಸ್ಕೋಪ್ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಮೊನ್ನೆ ಸಿಂದಗಿ ಕಡೆಯ ಒಬ್ಬ ಹೆಂಗಸು ಬಂದಿದ್ದಳು. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾಳೆ, ಓಟೂ ಇಲ್ಲೇ. ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ತಲೆನೋವು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದೆ. ಗೋಡೆಯ ಮೇಲೆ ನನ್ನ ಹಳೆಯ ಕರಪತ್ರ ಇತ್ತು, ನಮ್ಮಾಕೆ ತಮಾಷೆಗೆ ಅಂಟಿಸಿದ್ದು. ಅದನ್ನು ದಿಟ್ಟಿಸಿ ನೋಡಿದಳು.

"ಈ ಮಶಿನ್ನಿಗೆ ನಾ ಓಟು ಹಾಕೀನ್ರಿ!"

ಹನ್ನೊಂದು ವರ್ಷಕ್ಕೆ ಸಿಕ್ಕ ಮೊದಲ ಮತದಾರಳು. ಯಾಕಮ್ಮ ಹಾಕಿದಿ ಅಂತ ಕೇಳಿದೆ.

"ನಂದೂ ಅದ ಮಶಿನ್ ಅಲ್ರೀ, ಅದಕ್ಕ" ಅಂದಳು. ಆಮೇಲೆ ಕರಪತ್ರದ ಫೋಟೋ ನೋಡಿ, ನನ್ನ ಮುಖ ನೋಡಿ, "ಅವ್ವಾ, ನೀವ ಏನ್ರೀ ಅದು?" ಅಂದಳು.

ಬಿ.ಪಿ. 160, ಕೆಳಗಿನದು 100. ಉಪ್ಪು ಕಡಿಮೆ ಮಾಡು ಅಂದೆ, ಮಾತ್ರೆ ಬರೆದು ಕೊಟ್ಟೆ, ಹದಿನೈದು ದಿನ ಬಿಟ್ಟು ಬಾ ಅಂದೆ.